ಇನ್ನೊಂದು ಅದ್ದು

ದೊಡ್ಡಕ್ಕ ತಮ್ಮನ ಕೈಯನ್ನು ಉಜ್ಜುತ್ತಲೇ ಇದ್ದಳು. ಸೋಪು ಆಯಿತು, ಪಾತ್ರೆ ತೊಳೆಯುವ ಪುಡಿ ಆಯಿತು, ಈಗ ಬಟ್ಟೆ ಒಗೆಯುವ ಬ್ರಷ್ಷು. ಬಕೆಟ್ಟಿನ ನೀರು ಬೂದಿ ಬಣ್ಣಕ್ಕೆ ತಿರುಗಿತೇ ಹೊರತು ಉಗುರಿನ ಬುಡದಲ್ಲಿ, ಬೆರಳಿನ ಗೆರೆಗಳಲ್ಲಿ ಕೂತಿದ್ದ ನೀಲಿ ಜಪ್ಪಯ್ಯ ಅನ್ನಲಿಲ್ಲ.

"ಬಿಡಿ ಅಕ್ಕಾ, ಹೋಗಲ್ಲ ಅದು," ಎಂದಳು ಬಾಗಿಲ ಬಳಿ ನಿಂತಿದ್ದ ಹೆಂಗಸು. "ಚರ್ಮದ ಮೇಲಿದ್ರೆ ಹೋಗ್ತಿತ್ತು. ಒಳಗೆ ಇಳಿದಿದೆ."

"ಬೀಗರು ಬರ್ತಾರೆ ಕಣೇ. ಹೆಣಾನೂ ಸರಿಯಾಗಿ ತೊಳೀಲಿಲ್ಲ ಅಂತ ಆಡ್ಕೋತಾರೆ."

"ಮೇಲೆ ಬಟ್ಟೆ ಹೊದಿಸಿದ್ರೆ ಕಾಣಲ್ಲ. ಕೊಡಿ ಇಲ್ಲಿ."

ಅವಳು ನೆಲಕ್ಕೆ ಕೂತು, ಆ ಒದ್ದೆ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡು, ಒಣ ಟವೆಲಿನಿಂದ ಒಂದೊಂದೇ ಬೆರಳನ್ನು ಒರೆಸತೊಡಗಿದಳು. ಎಷ್ಟು ಹೊತ್ತು ಒರೆಸಿದರೂ ಕೈ ಬೆಚ್ಚಗಾಗಲಿಲ್ಲ. ಬೆಚ್ಚಗಾದೀತೆಂದು ಅವಳು ನಂಬಿಯೂ ಇರಲಿಲ್ಲ. ಆದರೂ ಒರೆಸಿದಳು.

ಊರಿನವರು ಅವಳನ್ನು ರಫಕ್ಕ ಅನ್ನುತ್ತಿದ್ದರು. ಇಲಿ ಕಡಿದ ಕೋಟು, ಬೆಂಕಿಯ ಕಿಡಿ ಬಿದ್ದ ಶಾಲು, ಮೊಳೆಗೆ ಸಿಕ್ಕಿ ಹರಿದ ಪ್ಯಾಂಟು ಯಾವುದೇ ಬರಲಿ, ಎಳೆಗೆ ಎಳೆ ಕೂಡಿಸಿ, ಹರಿದದ್ದೇ ಗೊತ್ತಾಗದ ಹಾಗೆ ರಫು ಮಾಡಿಕೊಡುವುದು ಅವಳ ಕೆಲಸ. ನೆಲದ ಮೇಲೆ ಮಲಗಿದ್ದವನು ಬಟ್ಟೆಗೆ, ನೂಲಿಗೆ ಬಣ್ಣ ಹಾಕುವವನು. ಅವನ ಹೆಸರು ಏನಿತ್ತೋ, ಚಿಕ್ಕವರು ದೊಡ್ಡವರು ಎಲ್ಲರ ಬಾಯಲ್ಲಿ ಅವನು ಬಣ್ಣಣ್ಣ. ಹಿಂದಿನ ದಿನ ಸಂಜೆ ಕೆಲಸ ಮುಗಿಸಿ, ಹಂಡೆಗಳನ್ನು ಮಗುಚಿಟ್ಟು, ಬಣ್ಣದ ಮನೆಯ ಬೆಂಚಿನ ಮೇಲೆ ಉಸ್ಸಪ್ಪಾ ಎಂದು ಕೂತ. ಆಮೇಲೆ ಏಳಲಿಲ್ಲ.

"ಅಕ್ಕಾ," ಎಂದಳು ರಫಕ್ಕ, ತಲೆಯೆತ್ತದೆ. "ಇವತ್ತು ಹೇಳಿಬಿಡಿ."

"ಏನು ಹೇಳ್ಲಿ?"

"ನಾನು ಇವರಿಗೆ ಏನಾಗ್ಬೇಕು ಅಂತ. ಎಲ್ಲರ ಎದುರಿಗೆ, ಒಂದೇ ಮಾತು. ಜೊತೆಗೆ ಗಾಡೀಲಿ ಹೋಗ್ತೀನಿ, ಒಂದು ಹಿಡಿ ಮಣ್ಣು ಹಾಕ್ತೀನಿ, ನನ್ನ ಪಾಡಿಗೆ ಮನೆಗೆ ಹೋಗ್ತೀನಿ. ಇನ್ನೇನೂ ಕೇಳಲ್ಲ."

ದೊಡ್ಡಕ್ಕ ಬ್ರಷ್ಷನ್ನು ಬಕೆಟ್ಟಿಗೆ ಹಾಕಿದಳು. ರಾತ್ರಿಯೆಲ್ಲ ಅತ್ತು ಅವಳ ಮುಖ ಊದಿಕೊಂಡಿತ್ತು. "ಹೇಳಬಾರದು ಅಂತ ನನಗೇನು ಹಟವೇನೇ? ನನ್ನ ಮಗಳು ಬಸುರಿ. ಆ ಬೀಗಿತಿ ಎಂಥವಳು ಅಂತ ನಿನಗೆ ಗೊತ್ತಲ್ಲ. ದೇವರ ದೀಪ ಮುಟ್ಟಿ ಆಣೆ ಮಾಡಿದ್ದೀನಿ ನಾನು, ಅವಳ ಮುಂದೆ." ಸೆರಗಿಗೆ ಕೈ ಒರೆಸಿಕೊಂಡು, "ಆಯ್ತು, ಹೇಳ್ತೀನಿ. ಸಮಯ ನೋಡಿ ಹೇಳ್ತೀನಿ," ಎಂದಳು.

ಸಮಯ ನೋಡಿ ಎಂಬ ಮಾತನ್ನು ರಫಕ್ಕ ಮೊದಲ ಸಲ ಕೇಳುತ್ತಿರಲಿಲ್ಲ. ಆದರೂ ಮನುಷ್ಯಜೀವ, ಆಸೆ ಪಟ್ಟಿತು. ಅವಳು ಶವದ ತಲೆಯ ಬಳಿ ಹೋಗಿ ಕೂತಳು.

ಹೊರಗೆ ಗೋಡೆಯ ನೆರಳಿನಲ್ಲಿ ಬಣ್ಣದ ಮನೆಯ ಕೆಲಸಗಾರರು ಸೇರಿದ್ದರು. ಸಾವಿನ ಮನೆಯ ಮುಂದೆ ಗಂಡಸರಿಗೆ ಮಾಡಲು ಕೆಲಸವಿರುವುದಿಲ್ಲ. ಕೈಕಟ್ಟಿ ನಿಲ್ಲುತ್ತಾರೆ, ಕೆಮ್ಮುತ್ತಾರೆ, ಆಮೇಲೆ ಸತ್ತವನ ಕತೆ ತೆಗೆಯುತ್ತಾರೆ. ಹಂಡೆಗಳಿಗೆ ಬೆಂಕಿ ಹಾಕುವ ಮುದುಕ ಒಬ್ಬನಿದ್ದ. ಹೊಟ್ಟೆಯೂ ಹಂಡೆಯ ಹಾಗೇ ಇದ್ದುದರಿಂದ ಹಂಡೆ ಮಾವ ಎಂಬ ಹೆಸರು ಅವನಿಗೆ ಎರಡು ಕಡೆಯಿಂದಲೂ ಒಪ್ಪುತ್ತಿತ್ತು.

"ಊರಿಗೆಲ್ಲ ಸರಿ ಬಣ್ಣ ಹಾಕ್ತಿದ್ದ ಮಹಾರಾಯ," ಎಂದ ಹಂಡೆ ಮಾವ, ಮೂಗೊರೆಸಿಕೊಳ್ಳುತ್ತ. "ಆ ಒಬ್ಬಳ ದಾರಕ್ಕೆ ಮಾತ್ರ ತಪ್ಪು ಮಾಡ್ತಿದ್ದ. ನೆನೆಸ್ಕೊಂಡ್ರೆ ಈಗಲೂ ನಗು ಬರುತ್ತೆ ಕಣ್ರೋ. ನಗಬಾರದು ಇವತ್ತು."

"ಹೇಳು ಮಾವ," ಎಂದ ಒಬ್ಬ. "ನಕ್ಕರೆ ಅವನೇನೂ ಬೇಜಾರು ಮಾಡ್ಕೊಳ್ಳಲ್ಲ."

*

ಆಗ ಬಣ್ಣಣ್ಣ ಬಣ್ಣದ ಮನೆಗೆ ಹೊಸಬ. ಮೀಸೆ ಸರಿಯಾಗಿ ಮೂಡಿದ್ದರೂ ಕೆಲಸ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಮಬ್ಬು ಕವಿದ ಒಂದು ಮಧ್ಯಾಹ್ನ ರಫು ಮಾಡುವ ಹುಡುಗಿಯೊಬ್ಬಳು ಕಂದು ಬಣ್ಣದ ಕೋಟೊಂದನ್ನು ತಂದು ಹಲಗೆಯ ಮೇಲೆ ಹರಡಿದಳು. ತೋಳಿನ ಮೇಲೆ ಹುಳ ತಿಂದ ತೂತು. ಅದಕ್ಕೆ ಕೂಡುವ ಹಾಗೆ ಒಂದು ಲಡಿ ನೂಲಿಗೆ ಬಣ್ಣ ಹಾಕಿಕೊಡಬೇಕು.

ಅವನು ಅದ್ದಿದ, ಒಣಗಿಸಿದ, ತಲೆಯ ಮೇಲೆ ಉರಿಯುತ್ತಿದ್ದ ಬಲ್ಬಿನ ಕೆಳಗೆ ಕೋಟಿನ ಪಕ್ಕ ಹಿಡಿದು ನೋಡಿದ. ಹಾಲಿಗೆ ಹಾಲು ಬೆರೆತ ಹಾಗಿತ್ತು. ಹುಡುಗಿಯೂ ನೋಡಿ ಹೂಂ ಎಂದಳು.

ಕೆಲವು ದಿನಗಳಲ್ಲಿ ಅದೇ ಕೋಟನ್ನು ಹೆಗಲ ಮೇಲೆ ಹಾಕಿಕೊಂಡು ಅವಳು ಬಿರುಗಾಳಿಯ ಹಾಗೆ ಬಂದಳು.

"ಯಾರ್ರೀ ಅದು ಬಣ್ಣ ಹಾಕಿದ್ದು? ಬನ್ನಿ ಈಚೆಗೆ!"

ಬಣ್ಣಣ್ಣ ಹಂಡೆ ತಿರುವುವ ಕೋಲು ಹಿಡಿದೇ ಬಂದ.

"ಕೋಲು ಯಾಕೆ ತಂದ್ರಿ, ಹೊಡೆಯೋಕಾ? ಹೊಡೆಸ್ಕೋಬೇಕಾದೋರು ನೀವು. ಇಲ್ಲಿ ಬನ್ನಿ, ಬಿಸಿಲಿಗೆ!"

ಬಾಗಿಲಾಚೆ ಹೋಗಿ ಕೋಟನ್ನು ಎತ್ತಿ ಹಿಡಿದಳು. ಬಲ್ಬಿನ ಕೆಳಗೆ ಕಂದಾಗಿದ್ದ ನೂಲು ಬಿಸಿಲಿನಲ್ಲಿ ಹಸಿರು ಹೊಡೆಯುತ್ತಿತ್ತು. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದ ರಫು ಗಾಯದ ಕಲೆಯ ಹಾಗೆ ಎದ್ದು ಕಾಣುತ್ತಿತ್ತು.

"ಕೋಟಿನ ಯಜಮಾನ ಏನಂದ ಗೊತ್ತಾ? 'ಇದಕ್ಕಿಂತ ತೂತೇ ಚೆನ್ನಾಗಿತ್ತು' ಅಂದ."

ಬಣ್ಣಣ್ಣ ಕೋಟನ್ನು ನೋಡಿದ, ಆಕಾಶವನ್ನು ನೋಡಿದ, ಕೊನೆಗೆ ಅವಳ ಮುಖವನ್ನು ನೋಡಿದ. "ದೀಪ ನಂಬಿ ಕೆಟ್ಟೆ," ಎಂದ. "ಇನ್ಮೇಲೆ ನೀವು ಬೆಳಿಗ್ಗೆ ಹೊತ್ತು ಬನ್ನಿ. ಇಬ್ಬರೂ ಹೊರಗೆ ನಿಂತು ನೋಡಿ, ಆಮೇಲೆ ಕೊಡ್ತೀನಿ."

ಅಲ್ಲಿಂದ ಶುರುವಾಯಿತು. ಅವಳು ಬೆಳಿಗ್ಗೆ ಬರುವಳು. ಅವನು ನೂಲು ಅದ್ದಿ, ಹಿಂಡಿ, ಒಣಗಿಸಿ ತರುವನು. ಇಬ್ಬರೂ ಬಾಗಿಲಾಚೆ ನಿಂತು ತಲೆಗೆ ತಲೆ ತಾಗುವಷ್ಟು ಹತ್ತಿರದಿಂದ ಒಂದೇ ಎಳೆಯನ್ನು ನೋಡುವರು.

"ಸ್ವಲ್ಪ ಕಮ್ಮಿ ಆಯ್ತೇನೋ."

"ಹೌದು, ಒಂಚೂರು ಕಮ್ಮಿ."

"ಇನ್ನೊಂದು ಅದ್ದು ಬೇಕು. ನಾಳೆ ಬನ್ನಿ."

ಮಾರನೆಯ ದಿನ ಬಣ್ಣ ಒಂಚೂರು ಜಾಸ್ತಿಯಾಗಿರುತ್ತಿತ್ತು. ಅದನ್ನು ತಿಳಿ ಮಾಡಲು ಮತ್ತೂ ಒಂದು ದಿನ. ಒಲೆಯ ಮುಂದೆ ಕೂತಿದ್ದ ಹಂಡೆ ಮಾವ ಒಂದು ದಿನ ಕೇಳಿಯೇಬಿಟ್ಟ: "ಅಲ್ಲಯ್ಯಾ, ಗಾಡಿಗಟ್ಟಲೆ ಬಟ್ಟೆಗೆ ಒಂದೇ ಸಲಕ್ಕೆ ಬಣ್ಣ ಹಿಡಿಸ್ತೀಯ. ಆ ಬೆರಳುದ್ದ ನೂಲಿಗೆ ವಾರವೆಲ್ಲ ಬೇಕಾ?"

"ಅವಳ ಕಣ್ಣು ಬಹಳ ಚುರುಕು ಮಾವ."

"ಅವಳ ಕಣ್ಣು ಚುರುಕು, ಸರಿ. ನಿನ್ನ ಕಣ್ಣಿಗೇನಾಗಿದೆ?"

ಬಣ್ಣಣ್ಣ ತಪ್ಪು ಮಾಡುತ್ತಿದ್ದುದು ಬೇಕೆಂದೇ. ಅದು ಅವಳಿಗೂ ಗೊತ್ತಿತ್ತು. ಅವನಿಗೆ ಗೊತ್ತಿಲ್ಲದೆ ಇದ್ದದ್ದು ಒಂದೇ: ಕೆಲವು ಸಲ ಅವನು ಮೈಮರೆತು ಬಣ್ಣ ಸರಿಯಾಗಿಯೇ ಹಾಕಿಬಿಟ್ಟಾಗ, 'ಒಂಚೂರು ಕಮ್ಮಿ' ಎಂದು ಅವಳೇ ಸುಳ್ಳು ಹೇಳುತ್ತಿದ್ದಳು. ಇಂಥ ಸುಳ್ಳುಗಳನ್ನು ಭಗವಂತ ಪಾಪದ ಲೆಕ್ಕಕ್ಕೆ ಸೇರಿಸುವುದಿಲ್ಲ. ನೋಡಿಯೂ ನೋಡದ ಹಾಗೆ ಇದ್ದುಬಿಡುತ್ತಾನೆ.

ಹೀಗಿರಲು ಒಂದು ಬೆಳಿಗ್ಗೆ ಅವಳು ಎಳೆಯನ್ನು ಬಟ್ಟೆಯ ಮೇಲಿಟ್ಟು ನೋಡಿ, "ಸರಿಯಾಗಿದೆ," ಎಂದಳು.

ಬಣ್ಣಣ್ಣನ ಮುಖ ಬಿದ್ದುಹೋಯಿತು. "ಸರಿಯಾಗಿದ್ಯಾ? ಇನ್ನೊಂದ್ಸಲ ನೋಡಿ."

"ನೋಡ್ದೆ. ಸರಿಯಾಗಿದೆ."

"ಅಂಚಲ್ಲಿ ಒಂಚೂರು..."

"ಅಂಚಲ್ಲೂ ಸರಿಯಾಗಿದೆ." ಅವಳು ನೂಲನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡಳು. "ನಾಳೆ ಬರೋಕೆ ಕಾರಣ ಇಲ್ಲ ಈಗ. ನಾನು ಬರಬೇಕು ಅಂದ್ರೆ ನೀವೇ ಬೇರೆ ಏನಾದ್ರೂ ಕಾರಣ ಹುಡುಕಿ."

ಅವನು ಕೈಯನ್ನು ಬಟ್ಟೆಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಒಲೆಯ ಬಳಿಯಿಂದ ಹಂಡೆ ಮಾವ ಕೂಗಿದ: "ಹುಡುಕೋ ಮಂಕೇ! ನಿಂಗೆ ಅದಕ್ಕೂ ಇನ್ನೊಂದು ಅದ್ದು ಬೇಕಾ?"

*

ಹಂಡೆ ಮಾವನ ಮಾತಿಗೆ ಗೋಡೆಯ ನೆರಳಿನಲ್ಲಿದ್ದವರು ಸದ್ದಿಲ್ಲದೆ ನಕ್ಕರು. ಅಷ್ಟರಲ್ಲಿ ಕಾರೊಂದು ಬಂದು ನಿಂತಿತು. ನಗು ಅಲ್ಲಲ್ಲೇ ಅಡಗಿತು.

ಮೊದಲು ಬೀಗಿತಿ ಇಳಿದಳು. ದ್ರಾಕ್ಷಿ ಬಣ್ಣದ ತೆಳುವಾದ ಶಾಲು ಹೊದ್ದಿದ್ದಳು. ಹಿಂದೆ ದೊಡ್ಡಕ್ಕನ ಮಗಳು, ತುಂಬಿದ ಹೊಟ್ಟೆಗೆ ಕೈಯಾನಿಸಿಕೊಂಡು. ಹುಡುಗಿ ಒಳಗೆ ಓಡಿ ಬಂದು ಸೋದರಮಾವನ ಕಾಲ ಮೇಲೆ ತಲೆಯಿಟ್ಟು ಅತ್ತಳು. ಅಪ್ಪನನ್ನು ಕಂಡರಿಯದ ಮಗು ಅದು. ಕೈಹಿಡಿದು ಶಾಲೆಗೆ ಬಿಟ್ಟವನು, ಜ್ವರ ಬಂದಾಗ ಹೊತ್ತು ತಿರುಗಿದವನು ಈ ಮಾವನೇ.

ತಲೆಯೆತ್ತಿದಾಗ ಎದುರಿಗೆ ರಫಕ್ಕ. ಇಬ್ಬರ ಕಣ್ಣೂ ಕೂಡಿದವು. ಚಿಕ್ಕಂದಿನಲ್ಲಿ 'ಅತ್ತೇ' ಎಂದು ಕೊರಳಿಗೆ ಜೋತುಬೀಳುತ್ತಿದ್ದ ಹುಡುಗಿ ಇವತ್ತು ಕಣ್ಣು ಕೆಳಗೆ ಮಾಡಿದಳು.

ಬೀಗಿತಿ ಕುರ್ಚಿಯ ಮೇಲೆ ಕೂತು ಸುತ್ತ ನೋಡಿದಳು. "ಪುಣ್ಯಾತ್ಮ. ಮದುವೆ ಗಿದುವೆ ಅಂತ ಹೋಗಲಿಲ್ಲ, ಯಾವ ಜಂಜಾಟಾನೂ ಹಚ್ಚಿಕೊಳ್ಳಲಿಲ್ಲ. ಬಂದ ಹಾಗೇ ಹೋದರು."

ದೊಡ್ಡಕ್ಕ ಕಣ್ಣೊರೆಸಿಕೊಂಡಳು. ರಫಕ್ಕ ಅವಳನ್ನೇ ನೋಡುತ್ತಿದ್ದಳು. ಈಗ ಹೇಳಬಹುದು, ಎಂದುಕೊಂಡಳು. ದೊಡ್ಡಕ್ಕ ಹೇಳಲಿಲ್ಲ.

*

ಬಣ್ಣಣ್ಣನಿಗೂ ರಫಕ್ಕನಿಗೂ ನಿಶ್ಚಿತಾರ್ಥ ಆದದ್ದು ಇದೇ ಕೋಣೆಯಲ್ಲಿ. ಇದೇ ಕಿಟಕಿಯ ಕೆಳಗೆ ಚಾಪೆ ಹಾಸಿದ್ದರು. ಹುಡುಗಿಯ ಕಡೆಯಿಂದ ಅವಳ ಅಣ್ಣ, ಅತ್ತಿಗೆ. ಹುಡುಗನ ಕಡೆಯಿಂದ ದೊಡ್ಡಕ್ಕ, ಮತ್ತೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ ಹಂಡೆ ಮಾವ. ದೊಡ್ಡಕ್ಕನ ಗಂಡ ಆ ವರ್ಷವೇ ಹೇಳದೆ ಕೇಳದೆ ಮನೆ ಬಿಟ್ಟು ಹೋಗಿದ್ದ. ಎಳೆಗೂಸು ತೊಡೆಯ ಮೇಲಿತ್ತು.

ಉಂಗುರ ತೊಡಿಸುವಾಗ ಬಣ್ಣಣ್ಣ ಕೈಯನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡ. "ಬಣ್ಣ ಇದೆ," ಎಂದ.

"ನಿಮ್ಮ ಕೈ ಬೆಳ್ಳಗಿರೋದನ್ನ ನಾನು ಯಾವತ್ತು ನೋಡಿದ್ದೀನಿ?" ಎಂದಳು ಅವಳು. ಚಾಪೆಯ ಮೇಲಿದ್ದವರೆಲ್ಲ ನಕ್ಕರು. ಅವಳ ಅತ್ತಿಗೆ, "ನೋಡಿ, ಈಗಲೇ ಬಾಯಿ ಹೆಂಗಿದೆ!" ಎಂದು ತೋಳು ಚಿವುಟಿದಳು.

ಹೊರಡುವ ಹೊತ್ತಿಗೆ ದೊಡ್ಡಕ್ಕ ಅವಳನ್ನು ಅಡಿಗೆಮನೆಗೆ ಕರೆದು ಬಾಗಿಲು ಓರೆ ಮಾಡಿದಳು. "ಇವನು ಬಿಟ್ರೆ ನನಗೆ ಯಾರೂ ಇಲ್ಲ ಕಣಮ್ಮ. ಈ ಕೂಸು ಕಾಲ ಮೇಲೆ ನಿಲ್ಲೋವರೆಗೂ ಮದುವೆ ಮುಂದಕ್ಕೆ ಹಾಕಬಹುದಾ? ಬೇಡ ಅನ್ಬೇಡ. ಸಮಯ ನೋಡಿ ನಾನೇ ನಿಂತು ಮಾಡ್ತೀನಿ."

ಕೂಸು ಅವಳ ಬೆರಳು ಹಿಡಿದುಕೊಂಡು ಬಾಯಿಗೆ ಹಾಕಿಕೊಂಡಿತ್ತು. ಅವಳು, "ಆಗಲಿ ಅಕ್ಕಾ," ಎಂದಳು.

ಕೂಸು ಕಾಲ ಮೇಲೆ ನಿಂತಿತು, ನಡೆಯಿತು, ಓದಿತು. ಇವಳೊಂದು ದಡ ಸೇರಲಿ ಎಂದಳು ದೊಡ್ಡಕ್ಕ. ಬಣ್ಣಣ್ಣ ತಲೆ ತಗ್ಗಿಸಿದ, ರಫಕ್ಕ ಆಗಲಿ ಎಂದಳು. ಸಂಬಂಧ ಬಂದಾಗ ಬೀಗಿತಿ ಕೇಳಿದಳಂತೆ: "ಹುಡುಗಿಯ ಮಾವನಿಗೆ ಯಾರೋ ಹೆಂಗಸಿನ ಜೊತೆ ಓಡಾಟ ಇದೆ ಅಂತ ಕೇಳಿದ್ವಿ. ಅಂಥ ಮನೆಯಿಂದ ನಾವು ಹೆಣ್ಣು ತರೋದಿಲ್ಲ." ಅವರು ಎಲ್ಲರ ಎದುರಿಗೆ ಉಂಗುರ ತೊಟ್ಟವರು ಎಂದು ಹೇಳಿದರೆ, ಇಷ್ಟು ವರ್ಷ ಮದುವೆ ಯಾಕಾಗಲಿಲ್ಲ ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು. ದೊಡ್ಡಕ್ಕ ಹೆದರಿ, ದೇವರ ದೀಪ ಮುಟ್ಟಿ, ಅಂಥವರು ಯಾರೂ ಇಲ್ಲ ಎಂದುಬಿಟ್ಟಳು.

ಆ ಸಂಜೆ ಬಣ್ಣದ ಮನೆಯ ಬೆಂಚಿನ ಮೇಲೆ ಬಣ್ಣಣ್ಣ ರಫಕ್ಕನ ಪಕ್ಕ ಬಂದು ಕೂತ.

"ಅಕ್ಕ ಆಣೆ ಮಾಡಿಬಿಟ್ಟಳು," ಎಂದ. "ಈಗ ನಾನು ನಿನ್ನ ಮದುವೆಯಾದ್ರೆ ಅವಳ ಆಣೆ ಸುಳ್ಳಾಗುತ್ತೆ. ಆ ಹುಡುಗಿ ಬಾಳು..."

"ಗೊತ್ತು."

"ಬೈಯಾದ್ರೂ ಬೈಯೇ."

"ಬೈದು ಏನ್ಮಾಡ್ಲಿ? ಮೊದಲ ಸಲ ಬೈದಿದ್ದಕ್ಕೇ ಇಷ್ಟು ದೂರ ಬಂತು."

ಅವನು ನಗಲು ಹೋಗಿ ಅತ್ತ. ಅವಳು ಉಂಗುರವನ್ನು ಹಿಂತಿರುಗಿಸಲಿಲ್ಲ. ಜನ ಕೇಳಬಾರದೆಂದು ಕೊರಳ ದಾರಕ್ಕೆ ಪೋಣಿಸಿ ಕುಪ್ಪಸದ ಒಳಗೆ ಬಿಟ್ಟುಕೊಂಡಳು. ಆ ಹೊತ್ತಿಗೆ ಅವನ ಕೂದಲು ಬೆಳ್ಳಗಾಗಿತ್ತು. ಅವಳ ಕಣ್ಣಿಗೆ ಕನ್ನಡಕ ಬಂದಿತ್ತು. ಬೆಳಗಿನ ಹೊತ್ತು ಅವಳು ನೂಲು ತರುವುದು ಮಾತ್ರ ನಿಲ್ಲಲಿಲ್ಲ. ಆ ವಯಸ್ಸಿಗೆ ಬಣ್ಣ ನಿಜಕ್ಕೂ ಒಂಚೂರು ಕಮ್ಮಿಯೋ ಜಾಸ್ತಿಯೋ ಆಗುತ್ತಿತ್ತು. ಇಬ್ಬರಿಗೂ ಅದು ಕಾಣುತ್ತಿರಲಿಲ್ಲ.

*

ಗಾಡಿ ಬಂತು. ನಾಲ್ಕು ಜನ ಹೆಗಲು ಕೊಟ್ಟು ಬಣ್ಣಣ್ಣನನ್ನು ಮಲಗಿಸಿದರು. ಮಣ್ಣಿಗೆ ಹೋಗುವ ಹೆಂಗಸರು ಹಿಂದಿನ ಬಾಗಿಲಲ್ಲಿ ಸೇರಿದರು. ರಫಕ್ಕ ಯಾರನ್ನೂ ಕೇಳದೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಅವಳ ಮುಂದಿದ್ದ ಬೀಗಿತಿ ಒಳಗೆ ಹತ್ತುತ್ತಿದ್ದ ಹಾಗೆ ಬಾಗಿಲ ಚಿಲಕಕ್ಕೆ ಶಾಲು ಸಿಕ್ಕಿತು. ಪರ್ರನೆ ಸದ್ದಾಯಿತು.

"ಅಯ್ಯಯ್ಯೋ! ನನ್ನ ಮಗ ತಂದುಕೊಟ್ಟ ಶಾಲು!" ಬೀಗಿತಿ ಕೆಳಗಿಳಿದು ಶಾಲನ್ನು ಬಿಡಿಸಿ ನೋಡಿದಳು. ನಡುವೆ ಅಂಗೈಯಗಲ ಹರಿದಿತ್ತು. "ಹೊರಟ ಗಳಿಗೆಯೇ ಸರಿ ಇಲ್ಲ. ಯಾರ ಕಣ್ಣು ಬಿತ್ತೋ." ಅವಳ ನೋಟ ಹಿಂದೆ ನಿಂತಿದ್ದ ರಫಕ್ಕನ ಮೇಲೆ ನಿಂತಿತು. "ಇವರ್ಯಾರು? ಬಂದಾಗಿಂದ ನೋಡ್ತಿದ್ದೀನಿ, ತಲೆ ಹತ್ರಾನೇ ಕೂತಿದ್ರು. ಈಗ ಗಾಡಿಗೂ ಹತ್ತುತ್ತಿದ್ದಾರೆ. ನಿಮಗೇನಾಗಬೇಕು ಇವರು?"

ಎಲ್ಲರೂ ದೊಡ್ಡಕ್ಕನ ಕಡೆ ತಿರುಗಿದರು.

ದೊಡ್ಡಕ್ಕ ರಫಕ್ಕನನ್ನು ನೋಡಿದಳು, ಮಗಳನ್ನು ನೋಡಿದಳು. ಈಗ ಹೇಳುತ್ತಾಳೆ ಎಂದು ರಫಕ್ಕನಿಗೆ ಅನ್ನಿಸಿತು. ಎದೆ ಹೊಡೆದುಕೊಂಡಿತು, ಉಂಗುರ ತೊಡಿಸಿದ ದಿನ ಹೊಡೆದುಕೊಂಡ ಹಾಗೆಯೇ.

"ಇವರು..." ಎಂದಳು ದೊಡ್ಡಕ್ಕ. "ಇವರು ರಫು ಮಾಡೋರು. ಗುರುತಿನವರು, ಅಷ್ಟೇ. ಶಾಲು ಕೊಡಿ ಇಲ್ಲಿ, ಯೋಚನೆ ಮಾಡ್ಬೇಡಿ. ನಾವು ಮಣ್ಣು ಮುಗಿಸಿ ಬರೋಷ್ಟರಲ್ಲಿ ಸರಿಮಾಡಿ ಇಟ್ಟಿರ್ತಾರೆ."

"ರಫು ಮಾಡೋರಾ?" ಹಂಡೆ ಮಾವ ಮುಂದೆ ಬಂದ. ಅವನ ಮುಖ ಒಲೆಯ ಮುಂದೆ ಕೂತವನ ಹಾಗೆ ಕೆಂಪಾಗಿತ್ತು. "ಏನಮ್ಮಾ ದೊಡ್ಡಕ್ಕಾ, ದೇವರು ಮೆಚ್ತಾನೇನಮ್ಮಾ? ನಾನು ಆವತ್ತು ಅದೇ ಚಾಪೆ ಮೇಲೆ..."

ಗಾಡಿಯ ಕಂಬಿ ಹಿಡಿದು ನಿಂತಿದ್ದ ಹುಡುಗಿಯ ಬೆರಳುಗಳು ಬಿಳಿಚಿಕೊಂಡಿದ್ದವು. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಅವಳು ರಫಕ್ಕನನ್ನೇ ನೋಡುತ್ತಿದ್ದಳು. ಬೇಡ ಎಂದು ಬಾಯಿ ಬಿಟ್ಟು ಹೇಳಲಿಲ್ಲ.

"ಮಾವಾ," ಎಂದಳು ರಫಕ್ಕ. "ಗಾಡಿ ಹತ್ತಿ. ಹೊತ್ತಾಯ್ತು."

"ಅಲ್ಲಮ್ಮಾ, ನೀನು..."

"ಹತ್ತಿ ಮಾವಾ. ಅವರ ಜೊತೆ ಯಾರಾದ್ರೂ ಬೇಕಲ್ಲ."

ಅವಳು ಮೆಟ್ಟಿಲಿಂದ ಕಾಲು ತೆಗೆದು, ಕೈ ಚಾಚಿ ಶಾಲನ್ನು ಇಸಿದುಕೊಂಡಳು. ಬೀಗಿತಿ, "ಜೋಪಾನ ಕಣಮ್ಮ, ಎಳೆ ಬಹಳ ನಾಜೂಕು," ಎಂದಳು. ಹಂಡೆ ಮಾವ ಮುಖವನ್ನು ತೋಳಿನಲ್ಲಿ ಮುಚ್ಚಿಕೊಂಡು ಹತ್ತಿದ. ಬಾಗಿಲು ಹಾಕಿಕೊಂಡಿತು. ಗಾಡಿ ಬೀದಿಯ ತಿರುವು ದಾಟುವವರೆಗೂ ಅವಳು ನಿಂತೇ ಇದ್ದಳು.

ಆಮೇಲೆ ಮನೆಯ ಮೆಟ್ಟಿಲ ಮೇಲೆ, ಜನ ಬಿಟ್ಟುಹೋದ ಚಪ್ಪಲಿಗಳ ನಡುವೆ ಜಾಗ ಮಾಡಿಕೊಂಡು ಕೂತಳು. ಚೀಲದಿಂದ ಸೂಜಿ ತೆಗೆದಳು. ಬಣ್ಣ ಕೂಡಿಸಿಕೊಡುವವರು ಇನ್ನಿರಲಿಲ್ಲ. ಶಾಲಿನ ಅಂಚಿನಲ್ಲಿ, ಕಣ್ಣಿಗೆ ಬೀಳದ ಮಡಿಕೆಯಿಂದ, ಅದರದೇ ಎಳೆಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಕನ್ನಡಕ ಏರಿಸಿಕೊಂಡು ಉದ್ದಕ್ಕೆ ಹಾಸಿನ ಎಳೆ ಹಾಕಿದಳು. ಅದರೊಳಗೆ ಅಡ್ಡಕ್ಕೆ ಹೊಕ್ಕಿನ ಎಳೆ ನೇಯತೊಡಗಿದಳು.

ಈಗ ಸೇತುವೆ ದಾಟಿರಬಹುದು. ಈಗ ಇಳಿಸುತ್ತಿರಬಹುದು. ಈಗ ಮಣ್ಣು ಹಾಕುತ್ತಿರಬಹುದು ಎನ್ನಿಸಿದಾಗ ಸೂಜಿ ನಿಲ್ಲಿಸಿ ಕಣ್ಣು ಮುಚ್ಚಿದಳು. ದೇವರ ಹೆಸರು ಹೇಳಲು ಹೋದಳು. ಬಾಯಿಗೆ ಬಂದದ್ದು ಕೆಲಸದ ಮಾತೇ: ಮೇಲೆ, ಕೆಳಗೆ, ಮೇಲೆ, ಕೆಳಗೆ. ಅದನ್ನೇ ಹೇಳಿಕೊಂಡಳು. ಒಂದು ಹನಿ ಶಾಲಿನ ಮೇಲೆ ಬೀಳಲು ಬಂದದ್ದನ್ನು ಮುಂಗೈಯಿಂದ ತಡೆದಳು. ಆ ಬಣ್ಣಕ್ಕೆ ನೀರು ಬಿದ್ದರೆ ಕಲೆ ನಿಲ್ಲುತ್ತದೆ.

ಬಿಸಿಲು ಓರೆಯಾದಾಗ ಅವರೆಲ್ಲ ಹಿಂತಿರುಗಿದರು. ಕೈಕಾಲು ತೊಳೆದುಕೊಂಡರು. ರಫಕ್ಕ ಶಾಲನ್ನು ಮಡಿಸಿ ಬೀಗಿತಿಗೆ ಕೊಟ್ಟಳು.

ಬೀಗಿತಿ ಬಿಡಿಸಿ ನೋಡಿದಳು. ತಿರುವಿ ನೋಡಿದಳು. "ಎಲ್ಲಿತ್ತು?" ಎಂದಳು. "ಇಲ್ಲೇ ಅಲ್ವಾ ಹರಿದದ್ದು? ಬನ್ನಿ, ನೀವೂ ನೋಡಿ."

ದೊಡ್ಡಕ್ಕ ಬಂದಳು. ನೆರೆಮನೆಯ ಹೆಂಗಸರಿಬ್ಬರು ಬಂದರು. ಅಂಗಳದಲ್ಲಿ ನಾಲ್ವರೂ ನಾಲ್ಕು ಮೂಲೆ ಹಿಡಿದು ಶಾಲನ್ನು ಬಿಗಿಯಾಗಿ ಎಳೆದರು. ಅದರ ಮೇಲೆ ತಲೆ ಬಗ್ಗಿಸಿದರು. ಬಟ್ಟೆಯನ್ನು ಹಾದು ಬಂದ ಬಿಸಿಲು ನೆಲದ ಮೇಲೆ ದ್ರಾಕ್ಷಿ ಬಣ್ಣವಾಗಿ ಬಿದ್ದಿತ್ತು. "ಇಲ್ಲಿ ಇರಬೇಕು," ಎಂದಳು ಒಬ್ಬಳು. "ಇಲ್ಲ ಕಣ್ರೀ, ಇಲ್ಲಿ," ಎಂದಳು ಇನ್ನೊಬ್ಬಳು. ಯಾರೋ ಮೆಲ್ಲಗೆ ನಕ್ಕರು. ಅತ್ತು ಅತ್ತು ಸಾಕಾದ ಆ ಮನೆಯಲ್ಲಿ ನಗು ಎಲ್ಲರಿಗೂ ಹಿತವಾಯಿತು.

ರಫಕ್ಕ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಚಿಲಕ ತೆಗೆದಳು. ಹಿಂದೆ ಅಂಗಳದಲ್ಲಿ ನಾಲ್ಕು ಹೆಂಗಸರ ಬೆರಳುಗಳು ಶಾಲಿನ ಮೇಲೆ ಕುರುಡರ ಬೆರಳುಗಳ ಹಾಗೆ ಇನ್ನೂ ತಡಕಾಡುತ್ತಲೇ ಇದ್ದವು.